ಕೆರೆಕಟ್ಟೆ ಮಾರ್ಕಿನ ಪುಡಿಯೂ ನಾನು ಬರೆದ ಷೆಡ್ಯೂಲೂ

ನಂಗಲಿಯಲ್ಲಿ ಲಾರಿಗಳು ಸಾಲಾಗಿ ನಿಲ್ಲುವ ಕಡೆ ಲತೀಫ್ ಸಾಬರ ರೇಡಿಯೇಟರ್ ಅಂಗಡಿ ಇದೆ. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೊಂದು ತಗಡು, ಬೆಸುಗೆಗೆ ಒಂದು ಗ್ಯಾಸ್ ಸಿಲಿಂಡರು, ನೀರು ತುಂಬಿದ ಒಂದು ಸಿಮೆಂಟಿನ ತೊಟ್ಟಿ. ಲಾರಿಯ ರೇಡಿಯೇಟರನ್ನು ಬಿಚ್ಚಿ ಆ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಗಾಳಿ ಬಿಟ್ಟು, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡಿ, ಅಲ್ಲಿಗೆ ಬೆಸುಗೆ ಹಾಕುವುದು ಅವರ ಕಸುಬು. ವಯಸ್ಸು ಅರವತ್ತೆರಡು. ಮಾತು ಕಡಿಮೆ. ಆಡಿದ ನಾಲ್ಕು ಮಾತಿನಲ್ಲಿ ಎರಡು ತೆಲುಗು, ಒಂದು ಕನ್ನಡ, ಉಳಿದದ್ದು ಕೆಮ್ಮು.

ಆದರೆ ಕೋಲಾರದಿಂದ ಚೆನ್ನೈವರೆಗೆ ಲಾರಿಯವರು ಅವರನ್ನು ಬಲ್ಲದ್ದು ಬೆಸುಗೆಯಿಂದಲ್ಲ, ಪುಡಿಯಿಂದ. ಟೊಮೆಟೊ ಹೇರಿಕೊಂಡು ಹೊರಟ ಲಾರಿ ಘಾಟಿಯಲ್ಲಿ ರೇಡಿಯೇಟರ್ ಸೋರಿ ನಿಂತಿತೆನ್ನಿ. ಹತ್ತಿರದಲ್ಲಿ ಮೆಕ್ಯಾನಿಕ್ ಇಲ್ಲ, ಮೇಲೆ ಬಿಸಿಲು, ಹಿಂದೆ ಕೊಳೆಯುವ ಮಾಲು. ಆಗ ಸೀಟಿನ ಕೆಳಗಿಂದ ಒಂದು ನೀಲಿ ಪೊಟ್ಟಣ ತೆಗೆದು, ರೇಡಿಯೇಟರಿಗೆ ಸುರಿದು, ಹತ್ತು ನಿಮಿಷ ಇಂಜಿನ್ ಓಡಿಸಿದರೆ ಸೋರಿಕೆ ನಿಲ್ಲುತ್ತಿತ್ತು. ಊರು ಮುಟ್ಟುವವರೆಗೆ ಯೋಚನೆಯಿಲ್ಲ. ಪೊಟ್ಟಣದ ಮೇಲೆ ಒಂದು ಕೆರೆ, ಒಂದು ಕಟ್ಟೆ, ಕಟ್ಟೆಯ ಮೇಲೆ ಒಂದು ಕೊಕ್ಕರೆ. ‘ಕೆರೆಕಟ್ಟೆ ಮಾರ್ಕ್’ ಎಂದು ಅಚ್ಚಾಗಿತ್ತು. ಕಂಡುಹಿಡಿದವರು ಲತೀಫ್ ಸಾಬರ ತಂದೆ. ಅವರು ತೀರಿಕೊಂಡ ಮೇಲೆ ಅದರಲ್ಲಿ ಏನಿದೆ ಎಂಬುದು ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು: ಲತೀಫ್ ಸಾಬರಿಗೆ, ಮತ್ತು ಹಿತ್ತಲಲ್ಲಿ ಅದನ್ನು ಹುರಿಯುವ ಅವರ ಹೆಂಡತಿ ರಹಮತುನ್ನೀಸಾ ಅವರಿಗೆ.

ಮಗಳು ಮಹೆಕ್‌ಗೂ ಗೊತ್ತಿರಲಿಲ್ಲ. ಒಬ್ಬಳೇ ಮಗಳು. ಮಾಲೂರಿನಲ್ಲಿ ಗ್ಯಾರೇಜು ಇಟ್ಟಿರುವ ಫರ್ಹಾದ್ ಎಂಬವನಿಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷ ಅವಳು ಬಂದು, “ಅಬ್ಬಾ, ಪುಡಿ ಹೆಂಗೆ ಮಾಡೋದು ಹೇಳ್ಕೊಡಿ, ನಾನೂ ಅಲ್ಲಿ ಮಾಡ್ತೀನಿ, ಇದೇ ಹೆಸರಲ್ಲಿ” ಎಂದು ಕೇಳಿದಳಂತೆ. ಲತೀಫ್ ಸಾಬರು “ನೋಡೋಣ” ಎಂದರಂತೆ. ಆ ಮನೆಯಲ್ಲಿ ‘ನೋಡೋಣ’ ಎಂದರೆ ಇಲ್ಲವೆಂದೇ ಅರ್ಥ. ಅಳಿಯನ ಕಿವಿಗೆ ಬಿದ್ದದ್ದು ಬೀದಿಗೆ ಬಿದ್ದಂತೆ ಎಂದು ಅವರ ಲೆಕ್ಕ. ಮಗಳು ಆಮೇಲೆ ಮೂರು ವರ್ಷ ಹಬ್ಬಕ್ಕೆ ಬಂದಳು, ಉಂಡಳು, ಹೋದಳು. ಪುಡಿಯ ಮಾತನ್ನು ಎತ್ತಲಿಲ್ಲ. ಬೇರೆ ಮಾತನ್ನೂ ಹೆಚ್ಚಾಗಿ ಆಡಲಿಲ್ಲ.

ಹೆತ್ತ ಮಗಳಿಗೆ ಹೇಳದ ಗುಟ್ಟನ್ನು ಆ ಮನುಷ್ಯ ಬಂದು ಹೇಳಿದ್ದು ನನಗೆ. ಅದನ್ನು ನಾನು ಏನು ಮಾಡಿದೆನೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ನಾನು ಮುಳಬಾಗಿಲಿನಲ್ಲಿ ಇಪ್ಪತ್ತೈದು ವರ್ಷದಿಂದ ವಕೀಲ. ಬದುವಿನ ಜಗಳ, ಬಾವಿಯ ಜಗಳ, ಅಣ್ಣತಮ್ಮಂದಿರ ಭಾಗದ ಜಗಳ ನನ್ನ ಅನ್ನ. ನನಗೆ ತಿಳಿದಿದ್ದ ಆಸ್ತಿ ಎಂದರೆ ಕಾಲಿನಿಂದ ತುಳಿಯಬಹುದಾದದ್ದು, ಸರ್ವೆ ನಂಬರ್ ಇರುವಂಥದ್ದು. ಅದಿಲ್ಲದ ಆಸ್ತಿಯೂ ಇದೆ ಎಂದು ಕಾಲೇಜಿನಲ್ಲಿ ಹೇಳಿದ್ದರು. ಆ ಪಾಠದ ದಿನ ನಾನು ಕ್ರಿಕೆಟ್ ಆಡಲು ಹೋಗಿದ್ದೆ, ಸೊನ್ನೆಗೆ ಔಟಾಗಿದ್ದೆ.

ಲತೀಫ್ ಸಾಬರು ನನ್ನ ಆಫೀಸಿಗೆ ಬಂದದ್ದು ಎರಡು ವರ್ಷದ ಹಿಂದೆ, ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ. ಜೊತೆಗೆ ರಹಮತುನ್ನೀಸಾ. ಮೇಜಿನ ಮೇಲೆ ಎರಡು ನೀಲಿ ಪೊಟ್ಟಣ ಇಟ್ಟರು. ಎರಡರ ಮೇಲೂ ಕೆರೆ, ಎರಡರ ಮೇಲೂ ಕಟ್ಟೆ. ಒಂದರ ಮೇಲೆ ಕೊಕ್ಕರೆ, ಇನ್ನೊಂದರ ಮೇಲೆ ಬಾತುಕೋಳಿ. ಎರಡನೆಯದರ ಹೆಸರು ‘ಕೆರೆಕಟ್ಟೆ ಗೋಲ್ಡ್’.

“ಇದು ವೇಣುಗೋಪಾಲ್‌ದು ಸಾರ್” ಎಂದರು. ವೇಣುಗೋಪಾಲ್ ಎಂದರೆ ಬೈಪಾಸಿನ ಬಳಿ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿಯವನು. ಹನ್ನೆರಡು ವರ್ಷ ಇವರ ಪುಡಿಯನ್ನೇ ತರಿಸಿ ಮಾರಿದವನು. ಈಗ ತನ್ನದೇ ಪೊಟ್ಟಣ ಮಾಡಿಸಿದ್ದ.

“ಒಳಗೆ ಏನಿದೆ?”

“ಸೋಪಿನ ಪುಡಿಗೆ ಬಣ್ಣ ಹಾಕವ್ನೆ. ನೊರೆ ಬರುತ್ತೆ ಅಷ್ಟೆ, ಸೋರೋದು ನಿಲ್ಲಲ್ಲ. ನಿನ್ನೆ ಒಬ್ಬ ಡ್ರೈವರು ಘಾಟಿಯಿಂದ ವಾಪಸ್ ಬಂದು ನನ್ನ ಕಾಲರ್ ಹಿಡಿದ. ನಿನ್ನ ಪುಡಿ ಹಾಕಿ ಇಂಜಿನ್ ಸೀಜಾಯ್ತು ಅಂತ. ನನ್ನದಲ್ಲಪ್ಪಾ ಅಂದ್ರೆ ಕೇಳಲ್ಲ. ಹಕ್ಕಿ ನೋಡು ಅಂದೆ. ಘಾಟಿಯಲ್ಲಿ ನಿಂತೋನು ಹಕ್ಕಿ ನೋಡ್ತಾನಾ ಸಾಯಿಬೂ, ಅಂದ.”

ಕಾಲರ್ ಹಿಡಿದದ್ದನ್ನು ಹೇಳುವಾಗ ಅವರ ಕೈ ತಾನಾಗಿ ಅಂಗಿಯ ಕತ್ತಿನ ಬಳಿ ಹೋಯಿತು. ನಲವತ್ತು ವರ್ಷ ಹೆದ್ದಾರಿಯಲ್ಲಿ ಅವರ ಮೇಲೆ ಯಾರೂ ಕೈ ಮಾಡಿರಲಿಲ್ಲ.

ಅಲ್ಲಿಗೆ ವಿಷಯ ಸ್ಪಷ್ಟವಾಗಿತ್ತು. ಹೆಸರು ಕದ್ದಿದ್ದಾನೆ, ಪೊಟ್ಟಣದ ರೂಪ ಕದ್ದಿದ್ದಾನೆ. ಪುಡಿಯ ಗುಟ್ಟು ಮಾತ್ರ ಅವನ ಕೈಗೆ ಸಿಕ್ಕಿಲ್ಲ. ಒಬ್ಬ ಸಾಧಾರಣ ಬುದ್ಧಿಯವನು ಕೂಡ ಹೆಸರಿನ ಮೇಲೆ ದಾವೆ ಹೂಡಬೇಕು ಎನ್ನುತ್ತಿದ್ದ. ನಾನು ಇಪ್ಪತ್ತೈದು ವರ್ಷ ಅನುಭವದವನು.

ತಡೆಯಾಜ್ಞೆಯ ದಾವೆ ಎಂದರೆ ನನ್ನ ಕೈ ತಾನಾಗಿಯೇ ಬರೆಯುತ್ತದೆ. ಮೊದಲು ವಾದಿಯ ಹೆಸರು, ಆಮೇಲೆ ಪ್ರತಿವಾದಿಯ ಹೆಸರು, ಆಮೇಲೆ ಕಥೆ, ಕಡೆಗೆ ಷೆಡ್ಯೂಲು. ಷೆಡ್ಯೂಲೆಂದರೆ ಆಸ್ತಿಯ ವಿವರ: ಇಷ್ಟು ಎಕರೆ ಇಷ್ಟು ಗುಂಟೆ, ಪೂರ್ವಕ್ಕೆ ಮುನಿರಾಮಪ್ಪನ ಜಮೀನು, ಪಶ್ಚಿಮಕ್ಕೆ ಓಣಿ, ಹೀಗೆ ನಾಲ್ಕು ದಿಕ್ಕಿನ ಚಕ್ಕುಬಂದಿ. ಷೆಡ್ಯೂಲಿಲ್ಲದ ದಾವೆಯನ್ನು ನಾನು ಹುಟ್ಟಿದಾಗಿನಿಂದ ಬರೆದಿಲ್ಲ. ಈ ದಾವೆಯ ಆಸ್ತಿ ಯಾವುದು? ಪುಡಿ. ಪುಡಿಯ ವಿವರ ಬರೆಯಬೇಡವೇ?

“ಅದರಲ್ಲಿ ಏನೇನು ಹಾಕ್ತೀರಿ, ಎಷ್ಟೆಷ್ಟು, ಪೂರ್ತಿ ಹೇಳಿ” ಎಂದೆ.

ಲತೀಫ್ ಸಾಬರು ಹೆಂಡತಿಯ ಮುಖ ನೋಡಿದರು. ಆಕೆ ನೆಲ ನೋಡಿದರು.

“ಹೇಳಲೇಬೇಕಾ ಸಾರ್?”

“ಡಾಕ್ಟ್ರ ಹತ್ರ, ವಕೀಲ್ರ ಹತ್ರ ಮುಚ್ಚಿಡಬಾರದು ಸಾಬ್ರೇ.”

ಅವರು ಮೇಜಿನ ಮೇಲೆ ಬಾಗಿ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳತೊಡಗಿದರು. ನಾನು ಪೆನ್ನು ತೆಗೆದೆ.

“ಬರೀತೀರಾ?” ಎಂದು ಬೆಚ್ಚಿ ನಿಲ್ಲಿಸಿದರು.

“ಕೋರ್ಟಿಗೆ ಬಾಯಲ್ಲಿ ಹೇಳೋಕಾಗುತ್ತಾ?”

ರಹಮತುನ್ನೀಸಾ ಆಗ ಮೊದಲ ಬಾರಿಗೆ ಬಾಯಿ ಬಿಟ್ಟರು. “ಆ ಪೇಪರು ಯಾರ್ ಯಾರು ನೋಡ್ತಾರೆ ಸಾರ್?”

“ಜಡ್ಜ್ ಸಾಹೇಬ್ರು ನೋಡ್ತಾರೆ. ಅವರಿಗೆ ಲಾರಿ ಇಲ್ಲ ಬಿಡಮ್ಮ” ಎಂದು ನಗೆಯಾಡಿದೆ. ಆಕೆ ನಗಲಿಲ್ಲ. ನನ್ನ ನಗೆಚಾಟಿಕೆಗಳಿಗೆ ಜನ ನಗದಿರುವುದು ಹೊಸದಲ್ಲ. ಆದ್ದರಿಂದ ಅದರಲ್ಲಿ ಯಾವ ಎಚ್ಚರಿಕೆಯೂ ನನಗೆ ಕಾಣಲಿಲ್ಲ.

ಅಂತೂ ಎಲ್ಲ ಹೇಳಿದರು. ಹದ ಮೀರಿ ಕಪ್ಪಗೆ ಹುರಿದ ರಾಗಿ ಹಿಟ್ಟು, ಅರಿಶಿನ, ಮೆಂತ್ಯದ ಪುಡಿ, ಹಳೆಯ ರೇಡಿಯೇಟರುಗಳನ್ನು ಅರದಿಂದ ಉಜ್ಜಿದಾಗ ಉದುರುವ ಹಿತ್ತಾಳೆಯ ಧೂಳು. ಯಾವುದರ ಹಿಂದೆ ಯಾವುದು, ಎಷ್ಟು ಹೊತ್ತು, ಯಾವ ಬಟ್ಟೆಯಲ್ಲಿ ಸೋಸಬೇಕು ಎಂಬುದನ್ನೆಲ್ಲ ರಹಮತುನ್ನೀಸಾ ಹೇಳಿದರು. ಗಂಡ ಎಲ್ಲಿ ತಪ್ಪು ಹೇಳಿದರೋ ಅಲ್ಲಿ ತಿದ್ದಿದರು. ನಾನು ಅಕ್ಷರ ಬಿಡದೆ ಬರೆದುಕೊಂಡೆ. ನನ್ನ ಗುಮಾಸ್ತ ನರಸಿಂಹಪ್ಪ ಅದನ್ನು ಟೈಪು ಮಾಡುತ್ತಾ, “ಸಾರ್, ಇದು ದಾವೇನಾ, ಅಡಿಗೇನಾ?” ಎಂದ. “ಷೆಡ್ಯೂಲು ಕಣೋ, ಸರಿಯಾಗಿ ಹೊಡಿ” ಎಂದು ಗದರಿದೆ. ಚಕ್ಕುಬಂದಿಯ ಜಾಗಕ್ಕೆ ಏನು ಬರೆಯುವುದೆಂದು ಅರ್ಧ ಗಂಟೆ ಯೋಚಿಸಿದ್ದನ್ನೂ ಮುಚ್ಚಿಡುವುದಿಲ್ಲ.

ದಾವೆ ದಾಖಲಾಯಿತು. ಇನ್ನು ಪ್ರತಿವಾದಿಗೆ ಸಮನ್ಸ್ ಹೋಗಬೇಕು. ಸಮನ್ಸಿನ ಜೊತೆ ದಾವೆಯ ಪೂರ್ತಿ ನಕಲು ಹೋಗಬೇಕು, ಷೆಡ್ಯೂಲು ಸಮೇತ. ಅದು ಕಾನೂನು. ನಾನು ಸಾವಿರ ಸಲ ಕಳಿಸಿದ್ದೇನೆ. ಜಮೀನಿನ ದಾವೆಯಲ್ಲಿ ಪೂರ್ವಕ್ಕೆ ಯಾರ ಜಮೀನಿದೆ ಎಂದು ಎದುರಾಳಿಗೆ ತಿಳಿದರೆ ಜಮೀನೇನೂ ಎದ್ದು ಹೋಗುವುದಿಲ್ಲವಲ್ಲ. ಹಾಗೆ ಅಭ್ಯಾಸದಂತೆ ನಕಲು ಲಗತ್ತಿಸಿದೆ. ಸಮನ್ಸಿನ ಶುಲ್ಕ ಕಟ್ಟಿದವರು ಲತೀಫ್ ಸಾಬರೇ. ಸಮನ್ಸ್ ಮುಟ್ಟಿಸುವ ಕೋರ್ಟಿನ ಅಮೀನ ಹೋಗಿ ಬೈಪಾಸಿನ ಅಂಗಡಿಯಲ್ಲಿ ಅದನ್ನು ವೇಣುಗೋಪಾಲನ ಕೈಗೆ ಕೊಟ್ಟು, ಮುಟ್ಟಿದ್ದಕ್ಕೆ ಸಹಿಯನ್ನೂ ಹಾಕಿಸಿಕೊಂಡು ಬಂದ.

ತಂದೆಯಿಂದ ಮಗನಿಗೆ ಬಂದು ಎರಡು ತಲೆಮಾರು ಕಾಪಾಡಿದ್ದ ಗುಟ್ಟು, ನ್ಯಾಯಾಲಯದ ಮೊಹರಿನೊಂದಿಗೆ, ರಸೀದಿ ಸಮೇತ, ಕದಿಯಲು ಕಾದಿದ್ದವನ ಮನೆ ಬಾಗಿಲಿಗೆ ಹೋಯಿತು. ಹದಿನೈದು ದಿನದಲ್ಲಿ ‘ಕೆರೆಕಟ್ಟೆ ಗೋಲ್ಡ್’ ಚೆನ್ನಾಗಿ ಕೆಲಸ ಮಾಡತೊಡಗಿತು. ನನ್ನ ಇಷ್ಟು ವರ್ಷದ ವಕೀಲಿಕೆಯಲ್ಲಿ ಒಂದು ಸರಕಿನ ಗುಣಮಟ್ಟ ನನ್ನಿಂದ ಸುಧಾರಿಸಿದ್ದು ಅದೊಂದೇ.

ನಾನು ಮಾಡಿದ್ದೇನೆಂದು ನನಗೆ ತಿಳಿಸಿದ್ದು ನನ್ನ ಅಕ್ಕನ ಮಗಳು ರಂಜಿತ. ಕೋಲಾರದಲ್ಲಿ ವಕೀಲೆ. ಸಣ್ಣ ಪುಟ್ಟ ಕಾರ್ಖಾನೆಯವರಿಗೆ ಹೆಸರು, ಲೇಬಲ್ಲು ಅಂತ ಏನೇನೋ ರಿಜಿಸ್ಟರ್ ಮಾಡಿಸಿಕೊಡುತ್ತಾಳೆ. ಅದೂ ಒಂದು ವಕೀಲಿಕೆಯೇ ಎಂದು ನಾನು ಮದುವೆ ಮನೆಗಳಲ್ಲಿ ಹಾಸ್ಯ ಮಾಡಿದ್ದೆ. ಅವಳು ನನ್ನ ದಾವೆಯನ್ನು ಓದುತ್ತಾ ಓದುತ್ತಾ ಷೆಡ್ಯೂಲಿಗೆ ಬಂದಾಗ ಹಾಳೆಯನ್ನು ಮಗುಚಿಟ್ಟಳು.

“ಮಾವ, ಇದನ್ನ ಅವನಿಗೆ ಸರ್ವ್ ಮಾಡಿಬಿಟ್ರಾ?”

“ಮಾಡಿದೆ. ಯಾಕೆ?”

“ಗುಟ್ಟು ಅನ್ನೋದು ಗುಟ್ಟಾಗಿರೋ ತನಕ ಮಾತ್ರ ಆಸ್ತಿ ಮಾವ. ಹೊರಗೆ ಬಿತ್ತಾ, ಮುಗೀತು. ಮತ್ತೆ ಒಳಗೆ ಹಾಕೋಕೆ ಯಾವ ಕೋರ್ಟಿಗೂ ಆಗಲ್ಲ.”

“ಪೇಟೆಂಟ್ ಮಾಡಿಸಿದ್ರೆ?”

“ಪೇಟೆಂಟ್ ಬೇಕಂದ್ರೆ ಎಲ್ಲಾನೂ ಬಿಚ್ಚಿ ಹೇಳ್ಬೇಕು, ಅದೂ ಹೊಸದಾಗಿರಬೇಕು. ಅವರಪ್ಪನ ಕಾಲದಿಂದ ಮಾರ್ತಿರೋದು ಹೊಸದು ಹೆಂಗಾಗುತ್ತೆ? ಇವರಿಗೆ ಇದ್ದಿದ್ದು ಎರಡೇ. ಬಾಯಿ ಮುಚ್ಕೊಂಡಿರೋ ಗುಟ್ಟು ಒಂದು. ಪೊಟ್ಟಣದ ಮೇಲಿರೋ ಹೆಸರು, ಚಿತ್ರ ಇನ್ನೊಂದು. ಕಳ್ಳ ಕದ್ದಿದ್ದು ಹೆಸರನ್ನ. ನೀವು ಹೆಸರನ್ನ ವಾಪಸ್ ಕೇಳ್ದೆ ಗುಟ್ಟನ್ನ ಅವನಿಗೆ ಕೊಟ್ಟು ಬಂದಿದ್ದೀರಾ.” ಫೈಲಿನ ದಾರ ಕಟ್ಟುತ್ತಾ, “ಹೇಳಲೇಬೇಕಾಗಿ ಬಂದ್ರೂ ಮುಚ್ಚಿದ ಲಕೋಟೆಯಲ್ಲಿ ಜಡ್ಜ್ ಕೈಗೆ ಮಾತ್ರ ಕೊಡಬಹುದಿತ್ತು ಮಾವ” ಎಂದಳು. ಮೆಲ್ಲಗೇ ಹೇಳಿದಳು. ಕೂಗಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಅಷ್ಟರಲ್ಲಿ ಷೆಡ್ಯೂಲಿನ ಪುಟ ಫೋಟೋ ಆಗಿ ಡ್ರೈವರುಗಳ ವಾಟ್ಸಪ್ಪಿನಲ್ಲಿ ಓಡುತ್ತಿತ್ತು. ಯಾರು ಹಾಕಿದರೋ ತಿಳಿಯದು. ಕೆಳಗೆ ನನ್ನ ಸಹಿ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ನಾನು ನಂಗಲಿಗೆ ಹೋದೆ. ತಪ್ಪೊಪ್ಪಿಕೊಳ್ಳಲು ಹೋದವನು ಅಂಗಡಿಯ ಮುಂದೆ ಎರಡು ಲಾರಿ ನಿಂತಿದ್ದರಿಂದ ಹಿಂದೆಯೇ ನಿಂತೆ. ಚಿತ್ತೂರು ಕಡೆಯ ಒಬ್ಬ ಡ್ರೈವರು ಫೋನನ್ನು ಲತೀಫ್ ಸಾಬರ ಮುಖಕ್ಕೆ ಹಿಡಿದಿದ್ದ.

“ಇಂತೇನಾ ಸಾಯಿಬೂ? ಇದಂತಾ ಮಾ ಇಂಟ್ಲೋ ಉಂದಿ ಕದಾ!”

ಇಷ್ಟೇನಾ ಸಾಬ್ರೇ, ಇದೆಲ್ಲ ನಮ್ಮ ಮನೇಲೇ ಇದೆಯಲ್ಲ ಎಂದು. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಇನ್ನೊಬ್ಬ ಮಾತ್ರ, “ರಾಗಿ ಮುದ್ದೆ ತಿನ್ನಿಸಿ ನಮ್ಮ ಲಾರೀನ ಸಾಕಿದ್ದೀಯಲ್ಲಯ್ಯಾ, ಸಾರು ಎಲ್ಲಿ?” ಎಂದ. ನಾಲ್ಕು ಜನ ನಕ್ಕರು. ಲತೀಫ್ ಸಾಬರೂ ಅವರ ಜೊತೆ ನಗಲು ನೋಡಿದರು. ಅದು ಕೆಮ್ಮಾಗಿ ಹೋಯಿತು.

ಕಳ್ಳತನದಿಂದ ವ್ಯಾಪಾರ ಕೆಡುತ್ತದೆ ಎಂದು ನಾನು ತಿಳಿದಿದ್ದೆ. ಇಲ್ಲಿ ಕೆಟ್ಟದ್ದು ಬೇರೆ. ಘಾಟಿಯಲ್ಲಿ ನಿಂತವನಿಗೆ ಆ ನೀಲಿ ಪೊಟ್ಟಣದ ಮೇಲೆ ಒಂದು ಭಕ್ತಿ ಇತ್ತು. ಒಳಗಿರುವುದು ಅಡಿಗೆಮನೆಯ ಡಬ್ಬಿಗಳಲ್ಲಿರುವುದೇ ಎಂದು ತಿಳಿದ ದಿನ ಅದು ಹೋಯಿತು. ಅದರ ಜೊತೆಗೆ, ಅದನ್ನು ಮಾಡುತ್ತಿದ್ದ ಮನುಷ್ಯನ ಮೇಲಿದ್ದದ್ದೂ ಹೋಯಿತು. ಆ ಹದದಲ್ಲಿ ಹುರಿಯಲು ರಹಮತುನ್ನೀಸಾ ಎಷ್ಟು ಸಲ ಕೈ ಸುಟ್ಟುಕೊಂಡಿದ್ದರೆಂದು ಷೆಡ್ಯೂಲಿನಲ್ಲಿ ಇರಲಿಲ್ಲ. ಹಾಗಾಗಿ ಯಾರಿಗೂ ತಿಳಿಯಲಿಲ್ಲ.

ಲಾರಿಗಳು ಹೋದ ಮೇಲೆ ಹತ್ತಿರ ಹೋಗಿ, “ಸಾಬ್ರೇ, ತಪ್ಪು ನನ್ನದು” ಎಂದೆ.

“ಕೂತ್ಕೊಳ್ಳಿ ಸಾರ್” ಎಂದು ಸ್ಟೂಲು ಒರೆಸಿದರು. “ಮಹೆಕ್ ಫೋನ್ ಮಾಡಿದ್ಲು.”

“ಏನಂದ್ರು?”

“ಅವಳ ಗಂಡನ ಫೋನಿಗೂ ಬಂದಿತ್ತಂತೆ. ‘ನನಗೆ ಹೇಳಲಿಲ್ಲ ಅಬ್ಬಾ, ವಕೀಲ್ರಿಗೆ ಹೇಳಿದ್ರಿ’ ಅಂದ್ಲು. ಅಷ್ಟೇ ಅಂದು ಇಟ್ಬಿಟ್ಲು.”

ಆಮೇಲೆ ಅರ ತೆಗೆದುಕೊಂಡು ಒಂದು ರೇಡಿಯೇಟರನ್ನು ಉಜ್ಜತೊಡಗಿದರು. ನಾನು ಆ ಸ್ಟೂಲಿನ ಮೇಲೆ, ಬೈಸಿಕೊಳ್ಳಲು ತಯಾರಾಗಿ ಬಂದು ಬೈಗುಳ ಸಿಗದವನ ಹಾಗೆ ಕೂತಿದ್ದೆ.

ಮುಂದಿನದನ್ನು ರಂಜಿತ ಕೈಗೆ ತೆಗೆದುಕೊಂಡಳು. ಮುಳಬಾಗಿಲಿನ ನನ್ನ ದಾವೆಯನ್ನು ಹಿಂದಕ್ಕೆ ತೆಗೆಸಿ, ಕೋಲಾರದ ಜಿಲ್ಲಾ ನ್ಯಾಯಾಲಯದಲ್ಲಿ ಹೆಸರು ಮತ್ತು ಪೊಟ್ಟಣದ ಮೇಲೆ ಹೊಸ ದಾವೆ ಹಾಕಿದಳು. ಹೆಸರು ರಿಜಿಸ್ಟರ್ ಆಗಿರದಿದ್ದರೂ ಅಷ್ಟು ವರ್ಷ ಬಳಸಿದ್ದರಿಂದ ಹಕ್ಕು ಇದೆ ಎಂದು ಹಳೆಯ ಅಚ್ಚಿನ ಮಾದರಿಗಳನ್ನೆಲ್ಲ ಹುಡುಕಿಸಿ ಇಟ್ಟಳು. ನಾನು ಅವಳ ಹಿಂದೆ ಫೈಲು ಹಿಡಿದು ನಿಂತೆ. ಒಂದು ವರ್ಷದ ಮೇಲಾಯಿತು. ಕಡೆಗೆ ತೀರ್ಪಿನ ಹೊತ್ತಿಗೆ ವೇಣುಗೋಪಾಲನ ವಕೀಲರು ಎದ್ದು, “ನಮ್ಮ ಕಕ್ಷಿದಾರರು ಆ ಹೆಸರು ಬಳಸುವುದನ್ನು ಆಗಲೇ ಬಿಟ್ಟಿದ್ದಾರೆ, ನಮ್ಮ ಆಕ್ಷೇಪ ಇಲ್ಲ” ಎಂದರು.

ಬಿಡದೆ ಏನು ಮಾಡಿಯಾನು? ಆ ಹೊತ್ತಿಗೆ ಪ್ರತಿ ಡ್ರೈವರನ ಹೆಂಡತಿಯೂ ಮನೆಯಲ್ಲೇ ಹುರಿದು ಡಬ್ಬಿಗೆ ಹಾಕಿ ಕೊಡುತ್ತಿದ್ದಳು. ಹೊಸ ಲಾರಿಗಳ ರೇಡಿಯೇಟರೂ ಬೆಸುಗೆಗೆ ಒಗ್ಗುವಂಥದ್ದಲ್ಲ, ಕೆಟ್ಟರೆ ತೆಗೆದು ಬೇರೆ ಹಾಕುತ್ತಾರೆ. ನಂಗಲಿಯ ತೊಟ್ಟಿಯಲ್ಲಿ ಪಾಚಿ ಕಟ್ಟಿತ್ತು. ಕೊಕ್ಕರೆಯ ಚಿತ್ರದ ಮೇಲೆ ಲತೀಫ್ ಸಾಬರನ್ನು ಬಿಟ್ಟು ಇನ್ಯಾರಿಗೂ ಹಕ್ಕಿಲ್ಲವೆಂದು ನ್ಯಾಯಾಲಯ ಹೇಳಿತು. ಬೇಕೆಂದವರೂ ಯಾರೂ ಇರಲಿಲ್ಲ.

ತೀರ್ಪಿನ ನಕಲು ಕೊಡಲು ಹೋದಾಗ ಅವರು ಅದನ್ನು ಹಾಗೇ ಮಡಚಿ ಜೇಬಿಗಿಟ್ಟುಕೊಂಡರು.

“ಸಾರ್, ಈ ಹೆಸರನ್ನ ಮಹೆಕ್‌ಗೆ ಬರೆದು ಕೊಡಬಹುದಾ?”

“ಬರೆಯಬಹುದು. ಹಸ್ತಾಂತರ ಪತ್ರ ಅಂತ ಮಾಡ್ತೀವಿ.”

“ಮಾಡಿ. ಕೊಡೋಕೆ ಇನ್ನೇನೂ ಉಳಿದಿಲ್ಲ.”

ಪತ್ರವನ್ನು ರಂಜಿತಳೇ ಬರೆದಳು. ನನ್ನ ಕೈಗೆ ಕೊಡುವಾಗ, “ಷೆಡ್ಯೂಲು ಸೇರಿಸಬೇಡಿ ಮಾವ” ಎಂದಳು. ನಾನೂ ಲತೀಫ್ ಸಾಬರೂ ಬಸ್ಸಿನಲ್ಲಿ ಮಾಲೂರಿಗೆ ಹೊರಟೆವು. ಕೋಲಾರದಲ್ಲಿ ಬಸ್ಸು ಬದಲಿಸುವಾಗ ಅವರು ಮೊಮ್ಮಗುವಿಗೆಂದು ಬಿಸ್ಕತ್ತು ಕೊಂಡರು. ಯಾವುದು ಇಷ್ಟವೆಂದು ಗೊತ್ತಿರಲಿಲ್ಲ, ಮೂರು ಬಗೆ ಕೊಂಡರು.

ಮಹೆಕ್‌ಳದು ಗ್ಯಾರೇಜಿನ ಹಿಂದಿನ ಒಂದೂವರೆ ಕೋಣೆಯ ಮನೆ. ಗಂಡ ಗಾಡಿಯೊಂದನ್ನು ತರಲು ಹೋಗಿದ್ದ. ಅವಳು ಚಹಾ ಕೊಟ್ಟು, ಎದುರಿಗೆ ಕೂತು, ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ನನ್ನ ಕಕ್ಷಿದಾರರಲ್ಲಿ ಯಾರೂ ಹಾಗೆ ಓದುವುದಿಲ್ಲ. ಓದಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

“ಹೆಸರು ನನಗೆ ಅಂತಾನಾ?” ತಂದೆಯ ಜೊತೆ ಅವಳಾಡುವ ಮನೆಮಾತು ಬೇರೆ. ನನಗೆ ಅರ್ಥವಾಗಲಿ ಎಂದೇ ಕನ್ನಡದಲ್ಲಿ ಕೇಳಿದಳು.

“ಹ್ಞೂ ಬೇಟಾ.”

“ಖಾಲಿ ಪೊಟ್ಟಣ ಇಟ್ಕೊಂಡು ಏನ್ಮಾಡ್ಲಿ ಅಬ್ಬಾ? ಅದರೊಳಗೆ ಹಾಕೋದು ಏನು ಅಂತ ನೀವು ನನಗೆ ಇವತ್ತಿನವರೆಗೂ ಹೇಳಿಲ್ಲ.”

ನಾನು ಬಾಯಿ ತೆರೆದೆ. ಅದು ಈಗ ಎಲ್ಲರ ಫೋನಿನಲ್ಲೂ ಇದೆಯಲ್ಲಮ್ಮ ಎನ್ನಲು ಹೊರಟಿದ್ದೆ. ಅವಳ ಮುಖ ನೋಡಿ ಮುಚ್ಚಿದೆ. ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ.

ಲತೀಫ್ ಸಾಬರು ಬಹಳ ಹೊತ್ತು ಚಹಾದ ಲೋಟವನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ಅದನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ, “ಸಾರ್, ತಪ್ಪು ತಿಳೀಬೇಡಿ, ಸ್ವಲ್ಪ ಆಚೆ ಇರ್ತೀರಾ?” ಎಂದರು.

ಎದ್ದು ಹೊರಗೆ ಬಂದೆ. ಹಿಂದೆ ಬಾಗಿಲು ಮುಚ್ಚಿತು, ಚಿಲಕ ಹಾಕಿದ ಸದ್ದಾಯಿತು. ಗ್ಯಾರೇಜಿನ ಮುಂದೆ, ಎಣ್ಣೆ ಹೀರಿದ ಮಣ್ಣಿನ ಮೇಲೆ ನಿಂತೆ. ಒಳಗಿನಿಂದ ಮೊದಲು ತಂದೆಯ ದನಿ ತೀರ ತಗ್ಗಿನಲ್ಲಿ ಕೇಳುತ್ತಿತ್ತು, ಮಾತು ತಿಳಿಯುವಂತಿರಲಿಲ್ಲ. ನಡುವೆ ಅವಳು ಏನೋ ಕೇಳಿದಳು. ಅವರು ಮತ್ತೆ ಮೊದಲಿಂದ ಶುರು ಮಾಡಿದರು. ಅರ್ಧ ಗಂಟೆಯಾಯಿತು. ಅದೇ ಗುಟ್ಟನ್ನು ಮೂರು ಪ್ರತಿ ಟೈಪು ಮಾಡಿಸಿದವನು ಬಿಸಿಲಲ್ಲಿ ಕಾದೆ.

ಎದುರು ಪಂಕ್ಚರ್ ಅಂಗಡಿಯವನು ಕೂತಲ್ಲಿಂದಲೇ ಕೇಳಿದ, “ಏನ್ ಸಾರ್, ಬಾಗ್ಲಾಕ್ಕೊಂಡು ಏನ್ ಮಾತಾಡ್ತಾವ್ರೆ ಒಳಗೆ?”

“ಅವರ ಮನೆ ವಿಷಯ” ಎಂದೆ. “ನನಗೆ ಗೊತ್ತಿಲ್ಲ.”